ಸಣ್ಣ ಗದ್ದೆಗೆ ಯಂತ್ರ ಬಂದಾಗ

ಸೆಪ್ಟೆಂಬರ್ 8ರ ತೆನೆ ಹಬ್ಬ ಹತ್ತಿರವಾಗುತ್ತಿದ್ದಂತೆ ನಮ್ಮ ವಾಳೆಗಳಲ್ಲಿ ಈಗ ಒಂದು ಮಾತು ಕೇಳಿಬರುತ್ತದೆ: “ಈ ಸಲ ತೆನೆಗೆ ಯಾರ ಗದ್ದೆಗೆ ಹೋಗುವುದು?” ಹಿಂದೆ ಈ ಪ್ರಶ್ನೆಗೆ ಎಡೆಯೇ ಇರಲಿಲ್ಲ. ಮನೆಯೆದುರಿನ ಗದ್ದೆಯಿಂದ ನಾಲ್ಕು ತೆನೆ ಕೊಯ್ದು ತಂದರೆ ಆಗುತ್ತಿತ್ತು. ಈಗ ಗದ್ದೆ ಇರುವ ಮನೆಗಳು ಕಡಿಮೆ, ಗದ್ದೆ ಇದ್ದೂ ಬೇಸಾಯ ಮಾಡುವ ಮನೆಗಳು ಇನ್ನೂ ಕಡಿಮೆ. ಬೈಲಿನಲ್ಲಿ ಕೆಲವು ಗದ್ದೆ ತೋಟವಾಗಿದೆ, ಕೆಲವು ಮನೆ ಅಡಿಪಾಯವಾಗಿದೆ, ಉಳಿದವುಗಳಲ್ಲಿ ಅನೇಕ ಹಡಿಲು ಬಿದ್ದಿವೆ.

ಇದು ನಮ್ಮ ಕಾಸರಗೋಡು, ಮಂಜೇಶ್ವರದ ಕಥೆ ಮಾತ್ರವಲ್ಲ. 1974-75ರಲ್ಲಿ ಕೇರಳದಲ್ಲಿ ಸುಮಾರು 8.8 ಲಕ್ಷ ಹೆಕ್ಟೇರ್ ಭತ್ತದ ಬೇಸಾಯವಿತ್ತು. ಇತ್ತೀಚಿನ ವರ್ಷಗಳಲ್ಲಿ ಅದು 2 ಲಕ್ಷ ಹೆಕ್ಟೇರ್‌ನ ಆಸುಪಾಸಿಗೆ ಇಳಿದಿದೆ. ಕಾರಣ ಕೇಳಿದರೆ ಎಲ್ಲರೂ ಕೊಡುವ ಉತ್ತರ ಒಂದೇ: “ಜನ ಸಿಗುವುದಿಲ್ಲ. ಯಂತ್ರ ಬಂದರೆ ಸರಿಯಾದೀತು.” ಆದರೆ ಯಂತ್ರ ಬಂದು ಬಹಳ ಕಾಲವಾಯಿತು. ಟಿಲ್ಲರ್ ಬಂತು, ನಾಟಿ ಯಂತ್ರ ಬಂತು, ಕಟಾವು ಯಂತ್ರವೂ ಬಂತು. ಆದರೂ ಸಣ್ಣ ಗದ್ದೆಗಳು ಹಡಿಲು ಬೀಳುವುದು ನಿಂತಿಲ್ಲ. ಏಕೆ ಎಂಬುದನ್ನು ಈ ಸಲದ ಅಂಕಣದಲ್ಲಿ ವಿಚಾರ ಮಾಡೋಣ. ಯಂತ್ರ ಬೇಡವೆಂದು ನಾವು ಹೇಳುವುದಿಲ್ಲ. ಯಂತ್ರ ಏನು ಕೊಡುತ್ತದೆ, ಏನು ಕೊಂಡುಹೋಗುತ್ತದೆ, ಅದು ಬರುವ ಮೊದಲು ಗದ್ದೆಯಲ್ಲಿ ನಾವೇನು ಸಿದ್ಧ ಮಾಡಬೇಕು ಎಂಬ ಲೆಕ್ಕ ನಮ್ಮ ಕೈಯಲ್ಲಿರಬೇಕು ಎಂಬುದಷ್ಟೇ ನಮ್ಮ ಮಾತು.

ಎತ್ತು ಹೋಯಿತು, ಟಿಲ್ಲರ್ ಬಂತು

ಮೊದಲು ಉಳುಮೆಯನ್ನು ತೆಗೆದುಕೊಳ್ಳೋಣ. ಮರದ ನೇಗಿಲು ಒಂದು ಸಲಕ್ಕೆ ಸುಮಾರು 15 ಸೆಂಟಿಮೀಟರ್ ಅಗಲದ ಸಾಲು ಹೊಡೆಯುತ್ತದೆ. ಈ ಲೆಕ್ಕದಲ್ಲಿ ಒಂದು ಎಕರೆಯನ್ನು ಒಂದು ಬಾರಿ ಉಳಬೇಕಾದರೆ ಎತ್ತಿನ ಹಿಂದೆ ಸುಮಾರು 27 ಕಿಲೋಮೀಟರ್ ನಡೆಯಬೇಕು. ಅದೂ ಕೆಸರಿನಲ್ಲಿ, ಆಷಾಢದ ಮಳೆಯಲ್ಲಿ. ಏಣೆಲು ಬೆಳೆಗೆ ಎರಡು ಮೂರು ಬಾರಿ ಉಳುತ್ತಿದ್ದ ನಮ್ಮ ಅಜ್ಜಂದಿರು ಎಷ್ಟು ನಡೆದಿರಬಹುದೆಂದು ನೀವೇ ಲೆಕ್ಕ ಹಾಕಿ. ಎರಡು ಅಡಿ ಅಗಲಕ್ಕೆ ಕೆಸರು ಮಾಡುವ ಟಿಲ್ಲರ್‌ನ ಹಿಂದೆ ಅದೇ ಎಕರೆಗೆ 7 ಕಿಲೋಮೀಟರ್ ನಡೆದರೆ ಸಾಕು. ಆದ್ದರಿಂದ ಟಿಲ್ಲರ್ ಬಂದಾಗ ಜನ ಸಂತೋಷಪಟ್ಟದ್ದರಲ್ಲಿ ತಪ್ಪೇನೂ ಇಲ್ಲ.

ಟಿಲ್ಲರ್ ಸಣ್ಣ ಗದ್ದೆಗೆಂದೇ ಹುಟ್ಟಿದ ಯಂತ್ರ. ಅದು ನಮಗೆ ಬಂದದ್ದು ಜಪಾನಿನ ದಾರಿಯಾಗಿ. 1967ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವಿ.ಎಸ್.ಟಿ. ಕಂಪೆನಿಯೂ 1973ರಲ್ಲಿ ಕೇರಳದಲ್ಲಿ ಸ್ಥಾಪನೆಯಾದ ಕಾಮ್ಕೋ ಸಂಸ್ಥೆಯೂ ಜಪಾನಿ ಕಂಪೆನಿಗಳ ಸಹಯೋಗದಿಂದಲೇ ಟಿಲ್ಲರ್ ತಯಾರಿಸತೊಡಗಿದವು. ಆದರೆ ಜಪಾನಿನವರು ಯಂತ್ರದ ಜೊತೆಗೆ ಮಾಡಿದ ಇನ್ನೊಂದು ಕೆಲಸವನ್ನು ನಾವು ಗಮನಿಸಲಿಲ್ಲ. 1963ರಿಂದ ಅಲ್ಲಿ ಗದ್ದೆಗಳನ್ನೇ ಹೊಸದಾಗಿ ವಿಂಗಡಿಸಿ, 100 ಮೀಟರ್ ಉದ್ದ, 30 ಮೀಟರ್ ಅಗಲ, ಅಂದರೆ ಸುಮಾರು 74 ಸೆಂಟ್ಸ್‌ನ ಗದ್ದೆಯನ್ನು ಮಾದರಿಯಾಗಿಟ್ಟುಕೊಂಡರು. ಪ್ರತಿ ಗದ್ದೆಗೂ ದಾರಿ, ನೀರು ಬರುವ ಕಾಲುವೆ, ನೀರು ಹೋಗುವ ಕಾಲುವೆ ಬೇರೆ ಬೇರೆ ಮಾಡಿದರು. ನಮ್ಮಲ್ಲಿ ಯಂತ್ರ ಬಂತು, ಆದರೆ ಗದ್ದೆ ಎತ್ತಿನ ಕಾಲದ್ದೇ ಉಳಿಯಿತು. ಮೇಲಿನ ಗದ್ದೆಯ ನೀರು ಕೆಳಗಿನ ಗದ್ದೆಗೆ ಇಳಿಯಬೇಕು, ಮೇಲಿನವನ ಗದ್ದೆ ತುಳಿದೇ ಕೆಳಗಿನವನು ಹೋಗಬೇಕು.

ಎತ್ತು ಹೋದದ್ದರಿಂದ ಆದ ನಷ್ಟವೂ ಇದೆ. ಕೆಲವು ವಾರಗಳ ಉಳುಮೆಗಾಗಿ ಒಂದು ಜೋಡಿಯನ್ನು ವರ್ಷವಿಡೀ ಸಾಕುವುದು ಭಾರವೇ ಆಗಿತ್ತು. ಆದರೆ ಹಟ್ಟಿ ಬರಿದಾದಾಗ ಗೊಬ್ಬರವೂ ಹೋಯಿತು. ಭತ್ತಕ್ಕೆ ಎಕರೆಗೆ ಸುಮಾರು 2 ಟನ್ ಹಟ್ಟಿಗೊಬ್ಬರ ಕೊಡಬೇಕೆಂಬುದು ಕೇರಳ ಕೃಷಿ ವಿಶ್ವವಿದ್ಯಾಲಯದ ಶಿಫಾರಸು. ಟಿಲ್ಲರ್ ಇಟ್ಟುಕೊಂಡವರು ಇದನ್ನು ಎಲ್ಲಿಂದಾದರೂ ಕೊಂಡು ತರಬೇಕು, ಇಲ್ಲವೇ ಸೊಪ್ಪು ಕೊಯ್ದು ಹಾಕಬೇಕು. ಎರಡೂ ಮಾಡದೆ ಗೋಣಿಯ ಗೊಬ್ಬರವನ್ನಷ್ಟೇ ಎರಚಿದರೆ ಮಣ್ಣಿನ ಸಾರ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ.

ಗದ್ದೆಯ ಮೂಲೆಯ ಲೆಕ್ಕ

ಸಣ್ಣ ಗದ್ದೆಯಲ್ಲಿ ಯಂತ್ರ ಏಕೆ ಸೋಲುತ್ತದೆ ಎಂಬುದಕ್ಕೆ ಮಕ್ಕಳೂ ಮಾಡಬಹುದಾದ ಒಂದು ಲೆಕ್ಕವಿದೆ. 20 ಮೀಟರ್ ಉದ್ದ, 10 ಮೀಟರ್ ಅಗಲದ ಗದ್ದೆ ಹೆಚ್ಚುಕಡಿಮೆ 5 ಸೆಂಟ್ಸ್ ಆಗುತ್ತದೆ. ಯಂತ್ರ ತಿರುಗುವಾಗ ಪುಣಿಯ ಉದ್ದಕ್ಕೂ ಒಂದು ಮೀಟರ್ ಜಾಗ ಸರಿಯಾಗಿ ಸಿಗದೆ ಉಳಿಯಿತೆಂದು ಇಟ್ಟುಕೊಳ್ಳಿ. ಆಗ 200 ಚದರ ಮೀಟರ್‌ನಲ್ಲಿ 56 ಚದರ ಮೀಟರ್, ಅಂದರೆ ಕಾಲು ಭಾಗಕ್ಕಿಂತ ಹೆಚ್ಚು ಜಾಗ ಮತ್ತೆ ಕೈಕೆಲಸಕ್ಕೇ ಉಳಿಯುತ್ತದೆ. ಅದನ್ನು ಹಾರೆಯಿಂದ ಅಗೆಯಬೇಕು, ಕೈಯಿಂದ ನೆಡಬೇಕು, ಕತ್ತಿಯಿಂದ ಕೊಯ್ಯಬೇಕು.

ಇದೇ ಲೆಕ್ಕವನ್ನು 50 ಮೀಟರ್ ಉದ್ದ, 40 ಮೀಟರ್ ಅಗಲದ ಅರ್ಧ ಎಕರೆ ಗದ್ದೆಗೆ ಮಾಡಿ ನೋಡಿ. ಅಂಚಿನಲ್ಲಿ ಉಳಿಯುವುದು 176 ಚದರ ಮೀಟರ್, ಅಂದರೆ ನೂರರಲ್ಲಿ ಒಂಬತ್ತು ಭಾಗ ಮಾತ್ರ. ಅದೇ ಅರ್ಧ ಎಕರೆ ಐದೈದು ಸೆಂಟ್ಸ್‌ನ ಹತ್ತು ಗದ್ದೆಗಳಾಗಿದ್ದರೆ ಉಳಿಯುವುದು 560 ಚದರ ಮೀಟರ್. ಭೂಮಿ ಅಷ್ಟೇ, ಯಂತ್ರವೂ ಅದೇ, ಆದರೆ ಕೈಕೆಲಸ ಮೂರು ಪಟ್ಟು. ಬಾಡಿಗೆ ಯಂತ್ರಕ್ಕೆ ನಾವು ಹಣ ಕೊಡುವುದು ಗಂಟೆಯ ಲೆಕ್ಕದಲ್ಲಿ. ಸಣ್ಣ ಗದ್ದೆಗಳಲ್ಲಿ ಆ ಗಂಟೆಯ ಬಹುಪಾಲು ತಿರುಗುವುದಕ್ಕೂ ಪುಣಿ ಹತ್ತಿ ಇಳಿಯುವುದಕ್ಕೂ ಹೋಗುತ್ತದೆ. ಯಂತ್ರಕ್ಕೂ ಬಾಡಿಗೆ, ಮೂಲೆಗೂ ಕೂಲಿ ಎಂದಾದಾಗ ಸಣ್ಣ ರೈತನ ಕೈ ಸೋಲುತ್ತದೆ.

ನಾಟಿ ಯಂತ್ರ

ಒಂದು ಎಕರೆ ನೇಜಿ ನೆಡಲು ಸಾಮಾನ್ಯವಾಗಿ ಹತ್ತು ಹನ್ನೆರಡು ಆಳು ಬೇಕು. ಎಂಟು ಸಾಲಿನ ನಾಟಿ ಯಂತ್ರ ಗದ್ದೆ ಅನುಕೂಲವಾಗಿದ್ದರೆ ಮೂರು ಜನರ ಸಹಾಯದಿಂದ ದಿನಕ್ಕೆ ಎರಡರಿಂದ ಮೂರು ಎಕರೆ ನೆಡುತ್ತದೆ. ಆದರೆ ಈ ಯಂತ್ರಕ್ಕೆ ನಮ್ಮ ಹಳೆಯ ರೀತಿಯ ನೇಜಿ ಆಗುವುದಿಲ್ಲ, ಚಾಪೆ ನೇಜಿಯೇ ಬೇಕು. ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಜರಡಿ ಹಿಡಿದ ಮಣ್ಣು ಮತ್ತು ಗೊಬ್ಬರದ ಮಿಶ್ರಣವನ್ನು ಸುಮಾರು 2 ಸೆಂಟಿಮೀಟರ್ ದಪ್ಪಕ್ಕೆ ಹರಡಿ, ಮೊಳಕೆ ಬಂದ ಬೀಜವನ್ನು ಒತ್ತಾಗಿ ಬಿತ್ತಬೇಕು. ಒಂದು ಎಕರೆಗೆ ಹಳೆಯ ಕ್ರಮದಲ್ಲಿ ಹತ್ತು ಸೆಂಟ್ಸ್ ನೇಜಿ ಗದ್ದೆ ಬೇಕಾದರೆ ಇದಕ್ಕೆ ಒಂದು ಸೆಂಟ್ಸ್ ಜಾಗ ಸಾಕು. ಮನೆಯ ಅಂಗಳದಲ್ಲೇ ಮಾಡಬಹುದು. ಬೀಜವೂ ಉಳಿಯುತ್ತದೆ.

ಇಲ್ಲಿ ಎಚ್ಚರಿಕೆ ವಹಿಸಬೇಕಾದದ್ದು ದಿನದ ಲೆಕ್ಕದಲ್ಲಿ. ಚಾಪೆ ನೇಜಿಯನ್ನು 14ರಿಂದ 18 ದಿನಗಳೊಳಗೆ ನೆಡಬೇಕು. ಯಂತ್ರ ಒಂದು ವಾರ ತಡವಾದರೆ ಬೇರು ಹೆಣೆದುಕೊಂಡು ಯಂತ್ರದ ಬೆರಳಿಗೆ ಸಿಗದೆ ಸಾಲಿನ ನಡುವೆ ತೆರಪು ಬೀಳುತ್ತದೆ. ಆದ್ದರಿಂದ ಯಂತ್ರದವರು ದಿನ ಗೊತ್ತು ಮಾಡಿದ ಮೇಲೆಯೇ ಬೀಜ ನೆನೆಹಾಕಿ. ಕೆಸರು ಮಾಡಿದ ಮೇಲೆ ಒಂದೆರಡು ದಿನ ಮಣ್ಣು ತಳ ಹಿಡಿಯಲು ಬಿಡಿ. ನೆಡುವ ದಿನ ಗದ್ದೆಯಲ್ಲಿ ತೆಳುವಾಗಿ ನೀರಿದ್ದರೆ ಸಾಕು. ಹಲಗೆ ಹೊಡೆದು ಸಮ ಮಾಡದ ಗದ್ದೆಯಲ್ಲಿ ಒಂದು ಕಡೆ ನೇಜಿ ಮುಳುಗುತ್ತದೆ, ಇನ್ನೊಂದು ಕಡೆ ತೇಲುತ್ತದೆ. ಸಾಲಿನಲ್ಲಿ ನೆಟ್ಟದ್ದರಿಂದ ಮುಂದೆ ಕಳೆ ಕೀಳಲು ಕೈಯಿಂದ ತಳ್ಳುವ ಯಂತ್ರವನ್ನು ಸಾಲಿನ ನಡುವೆ ಓಡಿಸಬಹುದು. ಬೆನ್ನು ಬಗ್ಗಿಸಿ ಕಳೆ ಕೀಳುವ ನಮ್ಮ ತಾಯಂದಿರಿಗೆ ಇದು ದೊಡ್ಡ ಉಪಕಾರ.

ಕಟಾವು ಯಂತ್ರ

ಕೊಯ್ದು, ಬಡಿದು, ಭತ್ತವನ್ನು ಬೇರೆ ಮಾಡಿಕೊಡುವ ದೊಡ್ಡ ಕಟಾವು ಯಂತ್ರ ಅನುಕೂಲವಾದ ಗದ್ದೆಯಲ್ಲಿ ಒಂದು ಎಕರೆಯನ್ನು ಸುಮಾರು ಒಂದು ಗಂಟೆಯಲ್ಲಿ ಮುಗಿಸುತ್ತದೆ. ಸೂಡಿ ಕಟ್ಟಿ, ತಲೆಹೊರೆಯಲ್ಲಿ ಅಂಗಳಕ್ಕೆ ತಂದು, ಪಡಿಮಂಚಕ್ಕೆ ಬಡಿದು, ಗಾಳಿಗೆ ತೂರುತ್ತಿದ್ದ ಕಾಲವನ್ನು ಕಂಡವರಿಗೆ ಇದು ಬೆರಗಿನ ಸಂಗತಿಯೇ ಸರಿ. ಆದರೆ ನಾಲ್ಕು ವಿಷಯಗಳನ್ನು ನೆನಪಿಡಬೇಕು.

ಮೊದಲನೆಯದು ಒಣಗಿಸುವುದು. ಯಂತ್ರದಿಂದ ಬರುವ ಭತ್ತದಲ್ಲಿ ನೂರಕ್ಕೆ 20ಕ್ಕಿಂತ ಹೆಚ್ಚು ನೀರಿನಂಶ ಇರಬಹುದು. ತೆಗೆದಿಡಲು ಅದು 14ಕ್ಕಿಂತ ಕೆಳಗೆ ಇಳಿಯಬೇಕು. ಏಣೆಲು ಕೊಯ್ಲು ಬರುವುದು ಮಳೆ ಪೂರ್ತಿ ಬಿಡದ ಕಾಲದಲ್ಲಿ. ಒಂದು ಗಂಟೆಯಲ್ಲಿ ಹತ್ತು ಹದಿನೈದು ಗೋಣಿ ಹಸಿ ಭತ್ತ ಒಟ್ಟಿಗೆ ಅಂಗಳಕ್ಕೆ ಬಂದರೆ ಹರಡಲು ಜಾಗ ಬೇಕು. ಗೋಣಿಯಲ್ಲೇ ಒಂದೆರಡು ದಿನ ಉಳಿದರೆ ಬಿಸಿಯಾಗಿ ಮೊಳಕೆ ಬರುತ್ತದೆ, ಅಕ್ಕಿಗೆ ವಾಸನೆ ಹಿಡಿಯುತ್ತದೆ.

ಎರಡನೆಯದು ಬೈಹುಲ್ಲು. ಒಂದು ಎಕರೆಯಲ್ಲಿ ಒಂದರಿಂದ ಒಂದೂವರೆ ಟನ್ ಹುಲ್ಲು ಬರುತ್ತದೆ. ದಿನಕ್ಕೆ 5 ಕಿಲೋ ತಿನ್ನುವ ಒಂದು ದನಕ್ಕೆ ಅದು ಏಳರಿಂದ ಹತ್ತು ತಿಂಗಳ ಮೇವು. ದೊಡ್ಡ ಯಂತ್ರ ಹುಲ್ಲನ್ನು ಮುರಿದು ಗದ್ದೆಯಲ್ಲಿ ಚೆಲ್ಲಿ ಹೋಗುತ್ತದೆ. ಸುಗ್ಗಿ ಬೆಳೆಯಲ್ಲಾದರೆ ಬಿಸಿಲಿಗೆ ಒಣಗಿದ್ದನ್ನು ಒಟ್ಟುಮಾಡಬಹುದು. ಏಣೆಲಿನಲ್ಲಿ ಅದು ಕೆಸರಿನಲ್ಲೇ ಕೊಳೆಯುತ್ತದೆ. ದನ ಇರುವ ಮನೆಯವರು ಈ ನಷ್ಟವನ್ನೂ ಯಂತ್ರದ ಬಾಡಿಗೆಗೆ ಸೇರಿಸಿ ನೋಡಬೇಕು. ಇಂಥವರಿಗೆ ಕೊಯ್ದು ಸಾಲಾಗಿ ಮಲಗಿಸುವ ಸಣ್ಣ ಕಟಾವು ಯಂತ್ರ ಮತ್ತು ಬೇರೆಯಾಗಿ ಭತ್ತ ಬಡಿಯುವ ಯಂತ್ರವೇ ಹೆಚ್ಚು ಹೊಂದುತ್ತದೆ.

ಮೂರನೆಯದು ಕಳೆಭತ್ತ. ನೋಡಲು ಭತ್ತದಂತೆಯೇ ಇದ್ದು, ಬೆಳೆ ಕೊಯ್ಯುವ ಮೊದಲೇ ಕಾಳು ಉದುರಿಸುವ ಈ ಕಳೆ ಕೇರಳದ ಅನೇಕ ಪಾಡಶೇಖರಗಳನ್ನು ಹಾಳುಮಾಡಿದೆ. ಊರಿಂದ ಊರಿಗೆ ಹೋಗುವ ಕಟಾವು ಯಂತ್ರದ ಒಳಗೆ ಉಳಿದ ಕಾಳಿನಿಂದಲೂ ಇದು ಹರಡುತ್ತದೆ. ಯಂತ್ರ ಗದ್ದೆಗೆ ಇಳಿಯುವ ಮೊದಲು ಅದನ್ನು ಗುಡಿಸಿ ಚೊಕ್ಕ ಮಾಡಿಸಿ. ಕೇಳಲು ಸಂಕೋಚ ಬೇಡ.

ನಾಲ್ಕನೆಯದು ಗದ್ದೆಯ ತಳ. ಗದ್ದೆಯಲ್ಲಿ ನೀರು ನಿಲ್ಲುವುದು ಕೆಸರಿನ ಅಡಿಯಲ್ಲಿರುವ ಗಟ್ಟಿ ಪದರದಿಂದ. ಹಸಿ ಗದ್ದೆಗೆ ಭಾರದ ಯಂತ್ರ ಇಳಿದರೆ ಈ ಪದರ ಒಡೆದು ಅಲ್ಲಲ್ಲಿ ಹೊಂಡ ಬೀಳುತ್ತದೆ. ಮುಂದಿನ ಬೆಳೆಗೆ ನೀರು ನಿಲ್ಲುವುದಿಲ್ಲ, ಟಿಲ್ಲರ್ ಹೂತುಹೋಗುತ್ತದೆ. ಕೊಯ್ಲಿಗೆ ಹತ್ತು ಹದಿನೈದು ದಿನ ಮೊದಲೇ ನೀರು ಬಿಟ್ಟು ಗದ್ದೆಯನ್ನು ಗಟ್ಟಿ ಮಾಡಿಕೊಳ್ಳಬೇಕು. ಬಗ್ಗಿ ಬೀಳುವ ಎತ್ತರದ ತಳಿಗಳಿಗಿಂತ ಜ್ಯೋತಿ, ಉಮಾದಂಥ ಗಿಡ್ಡ ತಳಿಗಳು ಯಂತ್ರಕ್ಕೆ ಒಗ್ಗುತ್ತವೆ. ಹಾಗೆಂದು ಊರಿನ ತಳಿಗಳನ್ನು ಪೂರ್ತಿ ಬಿಡಬಾರದು. ನಮ್ಮ ಜಿಲ್ಲೆಯವರೇ ಆದ ಸತ್ಯನಾರಾಯಣ ಬೇಳೇರಿಯವರು ಅಂಥ ನೂರಾರು ತಳಿಗಳನ್ನು ಕಾಪಾಡಿದ್ದಕ್ಕೆ 2024ರಲ್ಲಿ ಪದ್ಮಶ್ರೀ ಪಡೆದರು. ಒಂದು ಸಣ್ಣ ಮೂಲೆ ಗದ್ದೆಯನ್ನು ಇದಕ್ಕೆ ಬಿಟ್ಟರೆ ನಷ್ಟವಿಲ್ಲ.

ಬೈಲಿನ ಕೊನೆಯ ಮನೆ

ನಮ್ಮ ಬೈಲಿನಲ್ಲಿ ಕಂಡ ಒಂದು ಸಂಗತಿ ಹೇಳುತ್ತೇವೆ. ತೋಡಿನ ಆಚೆ ಕೊನೆಯ ಮನೆಯಲ್ಲಿ ಒಬ್ಬ ವಿಧವೆ ತಾಯಿ. ಅವರಿಗೆ ಇದ್ದದ್ದು 40 ಸೆಂಟ್ಸ್, ಅದೂ ಆರು ತುಂಡು. ಮೇಲಿನ ಗದ್ದೆಯವರೆಲ್ಲ ಕೊಯ್ಲಿಗೆ ಯಂತ್ರ ತರಿಸಿದರು. ಯಂತ್ರದವನು ತೋಡಿನವರೆಗೆ ಬಂದು ನೋಡಿ, “ದಾರಿ ಇಲ್ಲ, ಇಷ್ಟು ಸಣ್ಣದಕ್ಕೆ ಇಳಿದರೆ ನಮಗೆ ಪೂರೈಸದು” ಎಂದು ಹಿಂತಿರುಗಿದ. ಹಿಂದೆ ಕೊಯ್ಯಲು ಬರುತ್ತಿದ್ದ ಹೆಂಗಸರು, ಬೈಲಿನಲ್ಲಿ ಯಂತ್ರ ಬಂದ ಮೇಲೆ ಬೇರೆ ಕೆಲಸ ಹಿಡಿದಿದ್ದರು. ಆ ತಾಯಿ ಒಬ್ಬ ಮೊಮ್ಮಗನನ್ನು ಕಟ್ಟಿಕೊಂಡು ಆರು ದಿನ ಕೊಯ್ದರು. ನಡುವೆ ಮಳೆ ಬಂದು ಅರ್ಧ ಭತ್ತ ಮೊಳಕೆಯೊಡೆಯಿತು. ಮರುವರ್ಷ ಅವರು ಗದ್ದೆ ಹಡಿಲು ಬಿಟ್ಟರು.

ಅಲ್ಲಿಗೆ ಅದು ಮುಗಿಯಲಿಲ್ಲ. ಹಡಿಲು ಗದ್ದೆಯಲ್ಲಿ ಹುಲ್ಲು ಬೆಳೆಯಿತು, ಇಲಿ ಸೇರಿತು, ನೀರು ಇಳಿಯುವ ಕಂಡಿ ಮುಚ್ಚಿತು. ಮೇಲಿನ ಎರಡು ಗದ್ದೆಗಳಲ್ಲಿ ನೀರು ಕಟ್ಟಿ ನಿಂತಿತು. ಅದರ ಮರುವರ್ಷ ಆ ಎರಡು ಗದ್ದೆಗಳೂ ಹಡಿಲು. ಯಂತ್ರ ತರಿಸಿದವರ ಗದ್ದೆಯೂ ಉಳಿಯಲಿಲ್ಲ. ಆ ಗದ್ದೆಗಳಲ್ಲಿ ನಿಲ್ಲುತ್ತಿದ್ದ ನೀರಿನಿಂದಲೇ ನಮ್ಮ ಬಾವಿಗಳಲ್ಲಿ ಬೇಸಗೆಗೆ ನೀರು ಇರುತ್ತಿತ್ತು ಎಂಬುದೂ ಆಮೇಲೆ ತಿಳಿಯಿತು. ಆ ದಿನ ನಾವು ಹತ್ತು ಜನ ಸೇರಿ ತೋಡಿಗೆ ಎರಡು ಅಡಿಕೆ ಮರದ ದಾರಿ ಹಾಕಿ, ಸಣ್ಣ ಯಂತ್ರವೊಂದನ್ನು ದಾಟಿಸಿದ್ದರೆ ಸಾಕಿತ್ತು. ನಾವು ಅದನ್ನು ಮಾಡಲಿಲ್ಲ. ಆ ತಪ್ಪು ನಮ್ಮದೇ.

ಕೂಲಿಯವರ ಮನೆ

1970ರ ದಶಕದಲ್ಲಿ ಕೇರಳದ ಅನೇಕ ಕಡೆ ಕೂಲಿಕಾರರು ಟ್ರ್ಯಾಕ್ಟರನ್ನು ವಿರೋಧಿಸಿದ್ದರು. ಆಗ ಅವರ ಹೊಟ್ಟೆಯ ಪ್ರಶ್ನೆ ಅದು. ಈಗ ಯುವಕರು ಬೇರೆ ಕೆಲಸಗಳಿಗೆ ಹೋಗಿದ್ದಾರೆ ನಿಜ. ಆದರೆ ನಾಟಿ, ಕೊಯ್ಲುಗಳನ್ನೇ ನಂಬಿದ್ದ ವಯಸ್ಸಾದ ಹೆಂಗಸರು ಇನ್ನೂ ನಮ್ಮ ನಡುವೆ ಇದ್ದಾರೆ. ಓಬೇಲೆ ಹಾಡುತ್ತಾ ನಮ್ಮ ಗದ್ದೆ ನೆಟ್ಟವರು ಅವರು. ಯಂತ್ರ ಬಂದಾಗ ಅಂಚಿನ ನಾಟಿ, ಚಾಪೆ ನೇಜಿ ತಯಾರಿ, ಭತ್ತ ಒಣಗಿಸುವುದು, ಹುಲ್ಲು ಕಟ್ಟುವುದು ಮುಂತಾದ ಕೆಲಸಗಳಿಗೆ ಮೊದಲು ಅವರನ್ನು ಕರೆಯಿರಿ. 1998ರಲ್ಲಿ ಆರಂಭವಾದ ಕುಟುಂಬಶ್ರೀಯ ಮೂಲಕ ಕೇರಳದ ಅನೇಕ ಮಹಿಳೆಯರು ಗುಂಪಾಗಿ ಗದ್ದೆ ಗೇಣಿಗೆ ಹಿಡಿದು, ಟಿಲ್ಲರ್ ಮತ್ತು ನಾಟಿ ಯಂತ್ರ ನಡೆಸಲು ತಾವೇ ಕಲಿತಿದ್ದಾರೆ. ನಮ್ಮ ಹೆಣ್ಣುಮಕ್ಕಳಿಗೂ ಅದು ಅಸಾಧ್ಯವಲ್ಲ.

ಆರೋಗ್ಯದ ಮಾತು

ಯಂತ್ರ ಬೆನ್ನುನೋವನ್ನು ಕಡಿಮೆ ಮಾಡುತ್ತದೆ. ಆದರೆ ಬೇರೆ ಅಪಾಯಗಳನ್ನು ತರುತ್ತದೆ.

ಟಿಲ್ಲರ್‌ನ ಕತ್ತಿ ತಿರುಗುತ್ತಿರುವಾಗ ಎಂದಿಗೂ ಹಿಂದಕ್ಕೆ ನಡೆಸಬೇಡಿ. ಕಾಲು ಜಾರಿದರೆ ಕತ್ತಿ ಕಾಲ ಮೇಲೆಯೇ ಬರುತ್ತದೆ. ಸಿಕ್ಕಿಕೊಂಡ ಹುಲ್ಲನ್ನು ಇಂಜಿನ್ ನಿಲ್ಲಿಸಿದ ಮೇಲೆಯೇ ತೆಗೆಯಿರಿ. ಭತ್ತ ಬಡಿಯುವ ಯಂತ್ರದ ಹತ್ತಿರ ಸೀರೆಯ ಸೆರಗು, ಹೆಗಲ ಬೈರಾಸು, ಬಿಚ್ಚಿದ ಕೂದಲು ಬೇಡ. ಸೂಡಿಯನ್ನು ಒಳಕ್ಕೆ ಕೊಡುವಾಗ ಕೈ ಬಾಯಿಯ ಹತ್ತಿರ ಹೋಗಬಾರದು. ಮಕ್ಕಳನ್ನು ದೂರವಿಡಿ.

ಗಂಟೆಗಟ್ಟಲೆ ಟಿಲ್ಲರ್ ಹಿಡಿದರೆ ಅದರ ನಡುಕದಿಂದ ಬೆರಳು ಜೋಮು ಹಿಡಿಯುತ್ತದೆ, ಸದ್ದಿನಿಂದ ಕಿವಿ ಮಂದವಾಗುತ್ತದೆ. ಗಂಟೆಗೊಮ್ಮೆ ಹತ್ತು ನಿಮಿಷ ವಿಶ್ರಾಂತಿ ತೆಗೆದುಕೊಳ್ಳಿ. ಕಿವಿಗೆ ಬಿರಡೆ ಇಟ್ಟುಕೊಳ್ಳಿ. ಕೊಯ್ಲಿನ ಧೂಳಿಗೆ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ದಮ್ಮು ಇರುವವರು ಯಂತ್ರದ ಗಾಳಿಯ ದಿಕ್ಕಿನಲ್ಲಿ ನಿಲ್ಲಬಾರದು.

ಬೆರಳು ತುಂಡಾದರೆ ಗಾಯದ ಮೇಲೆ ಶುದ್ಧ ಬಟ್ಟೆ ಇಟ್ಟು ಬಲವಾಗಿ ಒತ್ತಿ ಹಿಡಿಯಿರಿ. ತುಂಡಾದ ಭಾಗವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಆ ಚೀಲವನ್ನು ಮಂಜುಗಡ್ಡೆ ಬೆರೆಸಿದ ನೀರಿನಲ್ಲಿಡಿ. ಮಂಜುಗಡ್ಡೆ ನೇರವಾಗಿ ತಾಗಬಾರದು. ಕೂಡಲೇ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ, ಕಾಫಿಪುಡಿ ಹಚ್ಚಬೇಡಿ.

ಇಲಿಜ್ವರವನ್ನು ಮರೆಯಬಾರದು. ಹಡಿಲು ಗದ್ದೆಯ ಇಲಿಗಳ ಮೂತ್ರ ಕೆಸರು ನೀರಿಗೆ ಸೇರಿ, ಕಾಲಿನ ಸಣ್ಣ ಗಾಯದ ಮೂಲಕ ರೋಗ ಒಳಸೇರುತ್ತದೆ. ಗಾಯವಿದ್ದರೆ ಮುಚ್ಚಿಕೊಂಡೇ ಇಳಿಯಿರಿ. ಮಳೆಗಾಲದಲ್ಲಿ ಕೆಸರಿನಲ್ಲಿ ಕೆಲಸ ಮಾಡುವವರಿಗೆ ವಾರಕ್ಕೊಮ್ಮೆ ತೆಗೆದುಕೊಳ್ಳುವ ಡಾಕ್ಸಿಸೈಕ್ಲಿನ್ ಮಾತ್ರೆಯ ಬಗ್ಗೆ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಗರ್ಭಿಣಿಯರು, ಮಕ್ಕಳು ವೈದ್ಯರನ್ನು ಕೇಳದೆ ಅದನ್ನು ತೆಗೆದುಕೊಳ್ಳಬಾರದು. ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ಗದ್ದೆಗೆ ಇಳಿದದ್ದನ್ನು ವೈದ್ಯರಿಗೆ ಹೇಳಲು ಮರೆಯಬೇಡಿ.

ನಾವೇನು ಮಾಡಬಹುದು?

1. ಯಂತ್ರ ಕೊಳ್ಳಲು ಸಾಲ ಮಾಡುವ ಮೊದಲು ವರ್ಷದಲ್ಲಿ ಎಷ್ಟು ದಿನ ಅದು ಓಡೀತೆಂದು ಲೆಕ್ಕ ಹಾಕಿ. ಒಂದೆರಡು ಎಕರೆಯವರಿಗೆ ಬಾಡಿಗೆಯೇ ಲೇಸು.

2. ನಿಮ್ಮದೇ ಆದ ಅಕ್ಕಪಕ್ಕದ ಗದ್ದೆಗಳು ಅರ್ಧ ಅಡಿಯೊಳಗೆ ಸಮಮಟ್ಟದಲ್ಲಿದ್ದರೆ ನಡುವಿನ ಪುಣಿ ತೆಗೆದು ಒಂದು ಮಾಡಿ. ಮೇಲ್ಮಣ್ಣನ್ನು ಮೊದಲು ಬದಿಗೆ ಎಳೆದಿಟ್ಟು, ಅಡಿ ಸಮ ಮಾಡಿ, ಮತ್ತೆ ಹರಡಿ. ಮಟ್ಟದಲ್ಲಿ ಹೆಚ್ಚು ವ್ಯತ್ಯಾಸವಿದ್ದರೆ ಮುಟ್ಟಬೇಡಿ, ಮುರಕಲ್ಲಿನ ಮಣ್ಣು ಮೇಲೆ ಬಂದೀತು. ನೆರೆಯವರ ಜೊತೆ ಸೇರಿಸುವುದಾದರೆ ಗಡಿಕಲ್ಲು ಹಾಗೆಯೇ ಇರಲಿ, ಮಾತು ಬರವಣಿಗೆಯಲ್ಲಿರಲಿ.

3. ಇಡೀ ಬೈಲು ಒಂದೇ ಅವಧಿಯ ತಳಿಯನ್ನು ಒಂದೇ ವಾರದಲ್ಲಿ ಬಿತ್ತಲಿ. ಆಗ ಯಂತ್ರ ಒಮ್ಮೆ ಬಂದು ಎಲ್ಲರದ್ದನ್ನೂ ಮುಗಿಸಬಹುದು. ಕೊನೆಯ ಗದ್ದೆಯಿಂದ ಮೊದಲುಮಾಡಿ ಮೇಲಕ್ಕೆ ಬರುವಂತೆ ಮೊದಲೇ ಮಾತಾಡಿಕೊಳ್ಳಿ.

4. ಮಳೆಗಾಲಕ್ಕೆ ಮೊದಲು ಒಂದು ದಿನ ಎಲ್ಲರೂ ಸೇರಿ ತೋಡಿನ ಹೂಳು ತೆಗೆದು ಯಂತ್ರದ ದಾರಿ ಸರಿಪಡಿಸಿ.

5. ಪಾಡಶೇಖರ ಸಮಿತಿ ಇಲ್ಲದಿದ್ದರೆ ರಚಿಸಿ ಕೃಷಿಭವನಕ್ಕೆ ಹೋಗಿ. ಬಾಡಿಗೆ ಯಂತ್ರ, ಸಹಾಯಧನಗಳ ವಿವರ ಅಲ್ಲಿ ಕೇಳಿ. ಒಬ್ಬನೇ ಕೇಳುವುದಕ್ಕಿಂತ ಬೈಲಿನ ಹೆಸರಿನಲ್ಲಿ ಕೇಳಿದರೆ ಮಾತಿಗೆ ತೂಕವಿರುತ್ತದೆ.

ಹಿಂದೆ ನಾಟಿಗೆ ಆಳು ಸಾಲದಿದ್ದರೆ ಇಂದು ನಿಮ್ಮ ಗದ್ದೆ, ನಾಳೆ ನಮ್ಮ ಗದ್ದೆ ಎಂದು ಮುಯ್ಯಿ ಕೆಲಸ ಮಾಡುತ್ತಿದ್ದೆವು. ಯಂತ್ರ ಬಂದ ಮೇಲೆ ನೆರೆಯವರ ಹಂಗು ಬೇಡವೆಂದು ಭಾವಿಸಿದೆವು. ಆದರೆ ಅದಕ್ಕೆ ದಾರಿ ಬೇಕು, ನೀರು ಬಿಡುವ ಹೊತ್ತಿನಲ್ಲಿ ಒಪ್ಪಂದ ಬೇಕು, ಬಿತ್ತುವ ದಿನದಲ್ಲಿ ಹೊಂದಾಣಿಕೆ ಬೇಕು. ಇವೆಲ್ಲ ನೆರೆಯವರನ್ನು ಬಿಟ್ಟು ಆಗುವುದಿಲ್ಲ. ಮುಂದಿನ ಏಣೆಲಿಗೆ ಬೀಜ ನೆನೆಹಾಕುವ ಮೊದಲು ಬೈಲಿನವರೆಲ್ಲ ಒಂದು ಸಂಜೆ ಒಟ್ಟಿಗೆ ಕುಳಿತು ಮಾತಾಡೋಣ. ತೋಡಿನಾಚೆಯ ಕೊನೆಯ ಮನೆಯವರನ್ನು ಮೊದಲು ಕರೆಯೋಣ.